ಸಹಾಯ ಬೇಕು: ಮುಂಬಯಿಯ ಮಾಟುಂಗಾದಲ್ಲಿ ಶೂಟಿಂಗಿಗೆ ಹೋಟೆಲ್, ಮತ್ತು ಅಪ್ಪನ ಪಾತ್ರಕ್ಕೆ ಒಬ್ಬರು

ಎಲ್ಲರಿಗೂ ನಮಸ್ಕಾರ. ನಾನು ಡೊಂಬಿವಲಿಯವನು. ಐದು ಜನ ಗೆಳೆಯರು ಸೇರಿ 25 ನಿಮಿಷದ ಕನ್ನಡ ಕಾಮಿಡಿ ಸಿನಿಮಾ ಮಾಡುತ್ತಿದ್ದೇವೆ. ಕಥೆ ಗೇ ಗಂಡಸರದ್ದು, ಅದರಲ್ಲೂ ‘ಬೇರ್’ (ಕರಡಿ) ಅಂತ ಕರೆದುಕೊಳ್ಳುವವರದ್ದು. ದಪ್ಪ ಮೈ, ಗಡ್ಡ, ಎದೆ ತುಂಬ ಕೂದಲು. ತೆಳ್ಳಗೆ ನುಣ್ಣಗೆ ಇದ್ದರಷ್ಟೇ ಚಂದ ಅನ್ನುವುದನ್ನು ಒಪ್ಪದೆ, 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬೆಳೆದ ಬಳಗ ಇದು.

ಸಿನಿಮಾಗಳಲ್ಲಿ ದಪ್ಪಗಿರುವವರನ್ನು ನೋಡಿ ನಗುವುದೇ ಜಾಸ್ತಿ ಅಲ್ವಾ? ನಮ್ಮದರಲ್ಲಿ ಹಾಗಿಲ್ಲ. ಒಂದು ದೃಶ್ಯ ಹೇಳುತ್ತೇನೆ. ಮೊದಲ ಭೇಟಿ. ಹೀರೋನ ಗಡ್ಡಕ್ಕೆ ಚಟ್ನಿ ಹತ್ತಿದೆ. ಎದುರಿಗಿರುವವನು ಹೇಳಲೋ ಬೇಡವೋ ಅಂತ ಕರ್ಚೀಫ್ ಹಿಡಿದು ಕೂತಿದ್ದಾನೆ. ಕೊನೆಗೆ ಕೈ ಚಾಚುತ್ತಾನೆ. ಅಷ್ಟರಲ್ಲಿ ಹೀರೋನ ಅಪ್ಪ ಒಳಗೆ ಬರುತ್ತಾರೆ!

ಇದಕ್ಕೆ ಮಾಟುಂಗಾ ಕಡೆ ಹಳೆಯ ಉಡುಪಿ ಹೋಟೆಲ್ ಬೇಕು. ಎರಡು ರಾತ್ರಿ, ಬಾಗಿಲು ಹಾಕಿದ ಮೇಲೆ. ಬಾಡಿಗೆ ಕೊಡುತ್ತೇವೆ. ಒಪ್ಪಿದ್ದ ಮಾಲೀಕರೊಬ್ಬರು ಕಥೆ ಕೇಳಿದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ತುಂಬಾ ಬೇಜಾರಾಯಿತು. ಅದಕ್ಕೇ ಈ ಸಲ ಕಥೆಯನ್ನು ಮೊದಲೇ ಹೇಳಿದ್ದೇನೆ.

ಅಪ್ಪನ ಪಾತ್ರಕ್ಕೆ 60 ದಾಟಿದ, ಕರಾವಳಿ ಕಡೆಯ ಕನ್ನಡ ಆಡುವವರು ಬೇಕು. ನಾಟಕ ಮಾಡಿ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಸೆಟ್‌ನಲ್ಲೇ ಸೌಂಡ್ ರೆಕಾರ್ಡ್ ಮಾಡುವವರೂ ಬೇಕು.

ಮುಂಬಯಿಯಲ್ಲಿ 2010ರಿಂದ ನಡೆಯುತ್ತಿರುವ, ಎಲ್‌ಜಿಬಿಟಿಕ್ಯೂ ಸಿನಿಮಾಗಳ ಕಶಿಶ್ ಚಿತ್ರೋತ್ಸವಕ್ಕೆ ಕಳಿಸುವ ಆಸೆ ಇದೆ. ಸಿನಿಮಾದಲ್ಲಿ ನಿಮ್ಮ ಹೆಸರು ಹಾಕಬೇಡಿ ಅಂದರೆ ಖಂಡಿತ ಹಾಕುವುದಿಲ್ಲ. ಯಾರಾದರೂ ಗೊತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ.