ಪಿಂಗ್ ಹೋಗುತ್ತದೆ, ಸೈಟ್ ಮಾತ್ರ ತೆರೆಯಲ್ಲ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ತೋಟದ ಮನೆ. ಮೊನ್ನೆ ಸಿಡಿಲಿಗೆ ರೂಟರ್ ಸುಟ್ಟು ಹೊಸದು ಹಾಕಿಸಿದೆ. ಫೋನಿನಲ್ಲಿ ವೈಫೈ ಸರಿ ಇದೆ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಅಡಿಕೆ ರೇಟು ನೋಡೋಣ ಅಂದ್ರೆ ಒಂದು ಸೈಟೂ ತೆರೆಯಲ್ಲ. ಆದರೆ ಗೂಗಲ್ ಸರ್ವರ್ 8.8.8.8ಕ್ಕೆ ಪಿಂಗ್ (ಅತ್ತಲಿಂದ ಉತ್ತರ ಬರುತ್ತದಾ ಅಂತ ನೋಡುವ ಕಮಾಂಡ್) ಸಲೀಸಾಗಿ ಹೋಗುತ್ತದೆ!

ಉತ್ತರ: ರೂಟರ್ ಆಫ್ ಮಾಡಿ ಆನ್ ಮಾಡಿ.

ಉತ್ತರ: ಪಿಂಗ್ ಹೋಗುತ್ತದೆ ಅಂದ್ರೆ ಲೈನ್ ಚೆನ್ನಾಗಿದೆ. ಸೈಟಿನ ಹೆಸರಿಗೆ ಐಪಿ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ಕೈಕೊಟ್ಟಿರಬೇಕು. ಕಮಾಂಡ್ ಪ್ರಾಂಪ್ಟಿನಲ್ಲಿ ಎನ್‌ಎಸ್‌ಲುಕಪ್ (nslookup), ಸೈಟಿನ ಹೆಸರು, ಕೊನೆಗೆ ಗೂಗಲ್‌ನ ಡಿಎನ್‌ಎಸ್ ಆದ 8.8.8.8, ನಡುವೆ ಜಾಗ ಬಿಟ್ಟು ಟೈಪ್ ಮಾಡಿ. ಉತ್ತರ ಬಂದರೆ ಲ್ಯಾಪ್‌ಟಾಪಿನಲ್ಲಿ ಹಾಕಿರುವ ಡಿಎನ್‌ಎಸ್ ತಪ್ಪಿರಬೇಕು, ವೈಫೈ ಅಡಾಪ್ಟರಿನ ಐಪಿವಿ4 (IPv4) ಸೆಟ್ಟಿಂಗ್ ನೋಡಿ.

ಪ್ರಶ್ನೆ ಕೇಳಿದವರು: ರೂಟರ್ ಆಫ್-ಆನ್ ಮೂರು ಸಲ ಆಯ್ತು ಮಾರಾಯ್ರೆ. ಎನ್‌ಎಸ್‌ಲುಕಪ್‌ಗೆ ಉತ್ತರ ಬಂತು. ಸೆಟ್ಟಿಂಗ್ ನೋಡಿದರೆ ಡಿಎನ್‌ಎಸ್ ಜಾಗದಲ್ಲಿ ಸುಟ್ಟ ರೂಟರಿನ 192.168.1.1 ಹಾಗೇ ಕೂತಿದೆ, ಹೊಸದು 192.168.0.1. ಹಿಂದೆ ಯಾವಾಗಲೋ ಮಗ ತುಂಬಿಸಿದ್ದಿರಬೇಕು. ಆಟೊಮ್ಯಾಟಿಕ್ ಮಾಡಿದೆ, ಬಂತು. ರೇಟು ಇಳಿದಿದೆ, ಅದು ಬೇರೆ ಕತೆ.