18% ಕಮಿಷನ್ ಅಂದಿದ್ರು, 12 ಸಾವಿರದ ಬುಕಿಂಗಿಗೆ ಕೈಗೆ ಬಂದದ್ದು 7,655. ಉಳಿದದ್ದು ಎಲ್ಲಿ ಹೋತು?

ಕಾಣಕೋಣದ ಮನಿ:
ಎಲ್ಲಾರಿಗೂ ನಮಸ್ಕಾರ್ರಿ. ನಾವು ಮೂಲ ಧಾರವಾಡದವ್ರು, ಗೋವಾದಾಗ ಕಾಣಕೋಣಕ್ಕ ಬಂದು 18 ವರ್ಷ ಆತು. ಪಾಲೋಲೆಮ್ ಬೀಚಿಗೆ ನಡಕೊಂಡು ಹೋಗುವಷ್ಟ ದೂರ ಮನಿ, ಮ್ಯಾಲಿನ ಎರಡು ರೂಮು ಟೂರಿಸಂ ಡಿಪಾರ್ಟ್‌ಮೆಂಟಿನ್ಯಾಗ ರಿಜಿಸ್ಟರ್ ಮಾಡಿಸಿ ಬಾಡಿಗಿಗೆ ಕೊಡಾಕತ್ತೀವಿ. ಒಂದು ಬುಕಿಂಗ್ ಆ್ಯಪಿನ್ಯಾಗ ಹಾಕೇವಿ, ಹೆಸರು ಬ್ಯಾಡ. ರಾತ್ರಿಗೆ 4,000 ರೇಟ್ ಇಟ್ಟಿದ್ದೆ, ಮೂರು ರಾತ್ರಿ ಬುಕ್ ಆತು, ಅಂದ್ರ 12,000 ಅಲ್ರೀ, 18% ಹೋದ್ರೂ 9,840 ಬರಬೇಕಿತ್ತು, ಬ್ಯಾಂಕಿಗೆ ಬಂದದ್ದು 7,655. ಅದರಾಗ ಕ್ಲೀನಿಂಗಿನವ್ರಿಗೆ 400, ಬೆಡ್‌ಶೀಟ್ ಟವೆಲ್ ಲಾಂಡ್ರಿಗೆ 250, ಮತ್ತ ಎಸಿ ಕರೆಂಟ್ ಬ್ಯಾರೆ. ನಮ್ಮನಿಯವ್ರು ಆ್ಯಪ್ ಬಿಟ್ಟಬಿಡೂಣು ಅಂತಾರ. ನನಗ ಸೀಸನ್ನಿನ್ಯಾಗ ರೂಮು ಖಾಲಿ ಬಿದ್ದಾವು ಅಂತ ಹೆದರಿಕಿ. ಎಲ್ಲಿ ತಪ್ಪಾಗೇತಿ ಯಾರರ ಹೇಳ್ರಿ.

ಪುಣೆ ಲೆಕ್ಕಪತ್ರ:
ಅಕ್ಕಾರ, ನಾನು ಬೆಳಗಾವಿಯವ, ಪುಣೆದಾಗ ಅಕೌಂಟ್ಸ್ ನೋಡ್ತೀನಿ. ನಿಮ್ಮ ಎಕ್ಸ್‌ಟ್ರಾನೆಟ್ಟಿನ್ಯಾಗ, ಅಂದ್ರ ರೂಮಿನವ್ರು ರೇಟ್ ಹಾಕೂ ಆ್ಯಪಿನ ಪೇಜಿನ್ಯಾಗ, ಪ್ರೊಮೋಷನ್ ಪೇಜ್ ತಗದು ನೋಡ್ರಿ, ಮೊಬೈಲಿಂದ ಬುಕ್ ಮಾಡಿದವ್ರಿಗೆ ಮೊಬೈಲ್ ಡಿಸ್ಕೌಂಟ್ 10%, ಆ್ಯಪಿನ ಮೆಂಬರ್‌ಗಳಿಗೆ ಮೆಂಬರ್ ಡಿಸ್ಕೌಂಟ್ 10% ಎರಡೂ ಆನ್ ಇರ್ತಾವು ಅಂತ ನನ್ನ ಅಂದಾಜು. ಯಾಕಂದ್ರ ಲೆಕ್ಕ ಹಂಗ ಕೂಡತೈತಿ. 12,000ದಾಗ 10% ಹೋಗಿ 10,800, ಅದರಾಗ ಮತ್ತ 10% ಹೋಗಿ 9,720. ಇದರ ಮ್ಯಾಲೆ ಕಮಿಷನ್ 18% ಅಂದ್ರ 1,750, ಆ ಕಮಿಷನ್ ಮ್ಯಾಲೆ ಜಿಎಸ್‌ಟಿ 18%, ಅದು 315. ಉಳಿದದ್ದು 7,655. ಕಮಿಷನ್ನಿಗಿಂತ ಡಿಸ್ಕೌಂಟ ಹೆಚ್ಚು ತಿಂದೈತಿ ನೋಡ್ರಿ, 2,280 ರೂಪಾಯಿ.

ಆ 315 ವಾಪಸ್ ಬರಂಗಿಲ್ಲ. 2025 ಸೆಪ್ಟೆಂಬರ್ 22ರಿಂದ 7,500ರ ತನಕ ರೂಮಿಗೆ ಜಿಎಸ್‌ಟಿ 5% ಆತು, ಆದ್ರ ಇನ್‌ಪುಟ್ ಕ್ರೆಡಿಟ್ ಇಲ್ಲ, ಅಂದ್ರ ನಾವು ಖರ್ಚಿನ ಮ್ಯಾಲೆ ಕೊಟ್ಟ ಜಿಎಸ್‌ಟಿ ಕಟ್ಟೂ ಜಿಎಸ್‌ಟಿಯಾಗ ಕಳಿಯಾಕ ಬರಂಗಿಲ್ಲ, ಹಿಂಗಾಗಿ ಜಿಎಸ್‌ಟಿ ನಂಬರ್ ಇದ್ದವ್ರಿಗೂ ಅದು ಖರ್ಚ. ಆ್ಯಪಿನವ್ರು ಇನ್‌ಕಮ್ ಟ್ಯಾಕ್ಸಿಗಂತ ಮೊದಲ ಹಿಡಿಯೂ ಟಿಡಿಎಸ್ ಚಿಂತಿ ಬ್ಯಾಡ, 2024 ಅಕ್ಟೋಬರ್ 1ರಿಂದ 1% ಇದ್ದದ್ದು 0.1% ಆಗೇತಿ, ಅದೂ ರಿಟರ್ನ್ಸ್ ಹಾಕಿದ್ರ ಸಿಗತೈತಿ.

ಇನ್ನೊಂದು, ಭಾಳ ಮಂದಿ ಇಲ್ಲೇ ಎಡವತಾರ. 18ಕ್ಕ ಜಿಎಸ್‌ಟಿ ಸೇರಿದ್ರ ಖರೇ ಕಮಿಷನ್ 21.24%. ಕೈಗೆ 4,000 ಬೇಕಂತ 4,000ಕ್ಕ 21% ಕೂಡಿಸಿ 4,840 ಇಡತಾರ, ಬರೂದು 3,812. ಕೂಡಿಸಬ್ಯಾಡ್ರಿ, ಭಾಗಿಸ್ರಿ. ನೂರರಾಗ 21.24 ಹೋದ್ರ ಉಳಿಯೂದು 78.76, ಹಿಂಗಾಗಿ 4,000 ಭಾಗಿಸು 0.7876, ಅಂದ್ರ 5,079 ಇಡಬೇಕು.

ಡೊಂಬಿವಲಿ ಮಂಗ್ಳೂರಿಯನ್:
ನಮ್ದು ಲೋಣಾವಳದಲ್ಲಿ ಒಂದು ವನ್ ಬಿಎಚ್‌ಕೆ ಉಂಟು, ನಾವು ಇರುವುದು ಮುಂಬೈ ಹತ್ರ. ಕಮಿಷನ್ ಬಗ್ಗೆ ಎಲ್ರೂ ಮಾತಾಡ್ತಾರೆ ಮಾರಾಯ್ರೆ, ಒಂದು ರಾತ್ರಿಯ ಬುಕಿಂಗ್ ಎಷ್ಟು ತಿನ್ನುತ್ತದೆ ಅಂತ ಯಾರೂ ನೋಡುದಿಲ್ಲ. ನಿಮ್ಮದೇ ಲೆಕ್ಕ ಹಿಡಿಯಿರಿ, ಡಿಸ್ಕೌಂಟ್ ಇಲ್ಲದೆ 4,000ಕ್ಕೆ ಒಂದೇ ರಾತ್ರಿ ಬಂದ್ರೆ 3,150 ಸಿಗ್ತದೆ, ಕ್ಲೀನಿಂಗ್ ಲಾಂಡ್ರಿ 650 ಹೋದ್ರೆ 2,500. ಅದೇ ಮೂರು ರಾತ್ರಿ ಇದ್ರೆ ಆ 650 ಒಂದೇ ಸಲ, ರಾತ್ರಿಗೆ 2,934 ಬೀಳ್ತದೆ. ನಾನು ಶನಿವಾರಕ್ಕೆ ಮಿನಿಮಮ್ ಎರಡು ರಾತ್ರಿ ಮಾಡಿದ ಮೇಲೆ ಬುಕಿಂಗ್ ಸ್ವಲ್ಪ ಕಡಿಮೆ ಆಯ್ತು, ಉಳಿಯುವ ದುಡ್ಡು ಜಾಸ್ತಿ ಆಯ್ತು.

ಮತ್ತೆ ಬೇರೆ ಆ್ಯಪ್ ಜೊತೆ ಹೋಲಿಸುವಾಗ ಪರ್ಸೆಂಟ್ ಒಂದೇ ನೋಡ್ಬೇಡಿ. ಏರ್‌ಬಿಎನ್‌ಬಿಯಲ್ಲಿ ಹಳೆ ಪದ್ಧತಿ ಹೋಸ್ಟಿಗೆ, ಅಂದ್ರೆ ಮನೆ ಕೊಡುವವ್ರಿಗೆ, 3%, ದೊಡ್ಡ ಪಾಲು ಗೆಸ್ಟ್ ಬಿಲ್ಲಲ್ಲಿ, ಆದ್ರೆ ಬುಕಿಂಗ್ ನೋಡಿಕೊಳ್ಳುವ ಬೇರೆ ಸಾಫ್ಟ್‌ವೇರ್ ಜೋಡಿಸಿದ ಹೋಸ್ಟ್‌ಗಳಿಗೆ 2025 ಅಕ್ಟೋಬರಿನಿಂದ 15.5% ಪೂರಾ ಹೋಸ್ಟ್ ಮೇಲೇ. 3% ಅಂತ ಖುಷಿಪಟ್ರೂ ಗೆಸ್ಟ್ ನೋಡುವುದು ಒಟ್ಟು ರೇಟನ್ನೇ ಅಲ್ವಾ, ಅದು ಏರಿದ್ರೆ ಅವ್ರು ಪಕ್ಕದ ರೂಮಿಗೆ ಹೋಗ್ತಾರೆ.

ಮಡಗಾಂವ್ ಹುಬ್ಬಳ್ಳಿ:
ಅಕ್ಕಾ, ಆ್ಯಪ್ ಪೂರಾ ಬಿಡಬ್ಯಾಡ್ರಿ, ಜೂನ್‌ದಿಂದ ಸೆಪ್ಟೆಂಬರ್ ಮಳಿಯಾಗ ಬೋರ್ಡ್ ನೋಡಿ ಯಾರೂ ಬರೂದಿಲ್ಲ. ನಾವು ಏನ್ ಮಾಡ್ತೀವಿ ಅಂದ್ರ ಬಂದ ಗೆಸ್ಟ್ ಚೆಕ್‌ಔಟ್ ಆಗಿ ಹೋಗೂ ಮುಂದ ಒಂದು ಕಾರ್ಡ್ ಕೊಡ್ತೀವಿ, ಮುಂದಿನ ವರ್ಷ ಫೋನ್ ಮಾಡ್ಕೊಂಡು ಸೀದಾ ಬರ್ತಾರ, ಹುಬ್ಬಳ್ಳಿ ಬೆಳಗಾವಿ ಕಾರವಾರದ ಮಂದಿ ಹಿಂಗ ಅಂಟ್ಕೊಂಡಾರ. ಆದ್ರ ಬುಕಿಂಗ್ ಆಗೂಕ್ಕಿಂತ ಮೊದಲ ಆ್ಯಪ್ ಚಾಟಿನ್ಯಾಗ ನಂಬರ್ ಕೊಡಾಕ ಹೋಗಬ್ಯಾಡ್ರಿ, ನಮ್ಮ ಓಣ್ಯಾಗ ಒಬ್ಬರದು ಲಿಸ್ಟಿಂಗ್ ಡಿಸೆಂಬರ್‌ದಾಗ ಬಂದ್ ಆತು, ಇಡೀ ಸೀಸನ್ ಹೋತು. ಡೈರೆಕ್ಟ್ ತಗೊಂಡ್ರ ಅರ್ಧ ಅಡ್ವಾನ್ಸ್ ಯುಪಿಐ ಹಾಕಿಸ್ಕೊರಿ, ಇಲ್ಲಂದ್ರ ಕೊನೀ ದಿನ ಫೋನ್ ಎತ್ತಂಗಿಲ್ಲ. ಫಾರಿನ್‌ನವ್ರು ಬಂದ್ರ ಡೈರೆಕ್ಟ್ ಇರಲಿ ಆ್ಯಪ್ ಇರಲಿ 24 ತಾಸಿನ್ಯಾಗ ಅವ್ರು ಉಳಕೊಂಡ ಮಾಹಿತಿ (ಮೊದಲ ಫಾರ್ಮ್ ಸಿ ಅಂತಿದ್ರು) ಸರ್ಕಾರಕ್ಕ ಕಳಸೂದು ನೀವ.

ಕಾಣಕೋಣದ ಮನಿ:
ಲೆಕ್ಕಪತ್ರದವ್ರ, ನೀವು ಹೇಳಿದ್ದ ಖರೇ ಐತ್ರಿ, ಎರಡೂ ಡಿಸ್ಕೌಂಟ್ ಆನ್ ಇದ್ದುವು. ಲಿಸ್ಟಿಂಗ್ ಮಾಡೂ ದಿನ ಫೋನ್ ಮಾಡಿದ ಹುಡುಗ "ಟಿಕ್ ಮಾಡ್ರಿ ಮೇಡಂ, ಮ್ಯಾಲೆ ಕಾಣಸ್ತೀರಿ" ಅಂದಿದ್ದ, ಒಂದರ ಮ್ಯಾಲೊಂದು ಬೀಳ್ತಾವು ಅಂತ ಹೇಳಲೇ ಇಲ್ಲ, ಭಾಳ ಸಂಕಟ ಆತು, ಎರಡು ವರ್ಷದ್ದು ಎಷ್ಟ ಹೋಗಿರಬೇಕು. ಈಗ ಮೆಂಬರ್‌ದ್ದು ತಗದೀನಿ, ಮೊಬೈಲ್‌ದ್ದು ಮಳಿಗಾಲಕ್ಕ ಅಷ್ಟ ಇಟ್ಟೀನಿ. ಶನಿವಾರ ಎರಡು ರಾತ್ರಿ ಮಿನಿಮಮ್ ಮಾಡೀನಿ. ಒಂದ ಕೇಳ್ತೀನ್ರಿ, ವಾರಗಟ್ಟಲೆ ಇರೋರಿಗೆ ಕೊಡೂ ವೀಕ್ಲಿ ಡಿಸ್ಕೌಂಟ್ ಅದೂ ಮೊಬೈಲ್ ಡಿಸ್ಕೌಂಟಿನ ಮ್ಯಾಲೇ ಬೀಳತೈತೇನು, ಯಾರರ ಹಾಕಿ ನೋಡೀರೇನು?