ಮಾಗಡಿ ಕೆರೆ ಹಕ್ಕಿಗಳಿಗೆ ಹಳೇ ಕ್ಯಾಮೆರಾ: 18 ಸಾವಿರಕ್ಕೆ ಯಾವುದು ತಗೊಳ್ಳಲಿ?

ಗದಗ ಸೈಕಲ್ ಸವಾರ:
ಎಲ್ಲರಿಗೂ ನಮಸ್ಕಾರ. ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಫೋಟೋ ತೆಗೆಯಬೇಕು ಅಂತ ಆಸೆ. ಮೊಬೈಲ್‌ನಲ್ಲಿ ಬರೀ ಚುಕ್ಕೆ ಕಾಣುತ್ತವೆ. ಕೈಯಲ್ಲಿರುವುದು 18 ಸಾವಿರ, ಹೆಚ್ಚೆಂದರೆ 20. ಹುಬ್ಬಳ್ಳಿಯಲ್ಲಿ ಎರಡು ಸೆಕೆಂಡ್ ಹ್ಯಾಂಡ್ ನೋಡಿದ್ದೇನೆ. ಒಂದು ನಿಕಾನ್ ಡಿ3300, 18-55 ಲೆನ್ಸ್ ಇದೆ, ಹಳೇ 50 ಎಂಎಂ 1.8ಡಿ ಲೆನ್ಸ್ ಪುಕ್ಕಟೆ ಕೊಡುತ್ತೇನೆ ಅಂತಾರೆ. ಇನ್ನೊಂದು ಕ್ಯಾನನ್ 700ಡಿ, 55-250 ಎಸ್‌ಟಿಎಂ ಲೆನ್ಸ್ ಜೊತೆ, ಆದರೆ ಮದುವೆ ಸ್ಟುಡಿಯೋದ್ದು, ಹಿಡಿಯುವ ರಬ್ಬರ್ ಸವೆದಿದೆ. ನಿಕಾನ್ ಮಾತ್ರ ಹೊಸದರ ಹಾಗೇ ಇದೆ. ಮನಸ್ಸು ಅದರ ಕಡೆ. ಏನಂತೀರಿ?

ಧಾರವಾಡದ ಮಳೆ:
ಹಕ್ಕಿಗೆ ಅಂತಾದರೆ ಕ್ಯಾನನ್ ತಗೊಳ್ಳಿ. ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ನೋಡಬೇಡಿ, ಲೆನ್ಸ್ ನೋಡಿ. ಎಂಎಂ ಅಂಕಿ ಜಾಸ್ತಿ ಆದಷ್ಟೂ ದೂರದ್ದು ದೊಡ್ಡದಾಗಿ ಬರುತ್ತೆ. 18-55 ಹಿಡಿದುಕೊಂಡು ಮಾಗಡಿ ಏರಿ ಮೇಲೆ ನಿಂತರೆ ಕೆರೆ ಚೆನ್ನಾಗಿ ಬರುತ್ತೆ, ಬಾತು ಬರಲ್ಲ. ಕ್ಯಾನನ್‌ನ ಸಣ್ಣ ಸೆನ್ಸರ್ (ಚಿತ್ರ ಹಿಡಿಯೋ ಚಿಪ್) ಮೇಲೆ 250 ಎಂಎಂ ಅಂದರೆ ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಲೆಕ್ಕದಲ್ಲಿ ಸುಮಾರು 400. ಅದೂ ಸಾಲಲ್ಲ, ಆದರೂ ಹಾರುವಾಗ ಹತ್ತಿರ ಬಂದರೆ ಸಿಗುತ್ತವೆ. ಇನ್ನು ಪುಕ್ಕಟೆ ಲೆನ್ಸ್ ವಿಷಯ: ಡಿ3300 ಒಳಗೆ ಫೋಕಸ್ ಮೋಟರ್ ಇಲ್ಲ. 1.8ಡಿ ಲೆನ್ಸ್ ಅದರಲ್ಲಿ ಆಟೋಫೋಕಸ್ ಆಗೋದೇ ಇಲ್ಲ, ಕೈಯಿಂದ ತಿರುಗಿಸಬೇಕು. ಪುಕ್ಕಟೆ ಯಾಕೆ ಕೊಡ್ತಿದ್ದಾರೆ ಗೊತ್ತಾಯ್ತಲ್ವಾ?

ಕೊಪ್ಪಿಕರ್ ರೋಡ್ ಕಡೆಯವ:
ಲೆನ್ಸ್ ಮುಖ್ಯ ಅನ್ನೋದು ಸರಿ, ಆದರೆ ಮದುವೆ ಕ್ಯಾಮೆರಾ ಅಂದಮೇಲೆ ಸುಮ್ನೆ ದುಡ್ಡು ಕೊಡಬೇಡಿ ಅಣ್ಣಾ. ಎರಡರಲ್ಲೂ ಶಟರ್ (ಪ್ರತಿ ಕ್ಲಿಕ್‌ಗೆ ತೆರೆದು ಮುಚ್ಚುವ ಪರದೆ) 1 ಲಕ್ಷ ಸಲ ತಡೆಯೋ ಲೆಕ್ಕದಲ್ಲಿ ಮಾಡಿದ್ದು. ಒಂದು ಸೀಸನ್ ಮದುವೆಯಲ್ಲಿ ಎಷ್ಟು ಕ್ಲಿಕ್ ಹೋಗುತ್ತೆ ನೀವೇ ಯೋಚಿಸಿ. ಮೀರಿದ ತಕ್ಷಣ ಸಾಯುತ್ತೆ ಅಂತಲ್ಲ, ಬಹಳ ಕ್ಯಾಮೆರಾ ಆಮೇಲೂ ನಡೆಯುತ್ತವೆ, ಆದರೆ ರೇಟ್ ಇಳಿಸಲು ಅದೇ ಆಧಾರ. ನಿಕಾನ್‌ನಲ್ಲಿ ಫೋಟೋ ಫೈಲ್ ಒಳಗೇ ಎಷ್ಟು ಕ್ಲಿಕ್ ಆಗಿದೆ ಅನ್ನೋ ಕೌಂಟ್ ಇರುತ್ತೆ, ಮೂಲ ಫೈಲ್ ಬೇಕು ಅಷ್ಟೇ, ವಾಟ್ಸಾಪ್‌ನಲ್ಲಿ ಫೋಟೋ ಥರ ಕಳಿಸಿದ್ದರಲ್ಲಿ ಆ ಮಾಹಿತಿ ಹೋಗಿರುತ್ತೆ. 700ಡಿ ಫೋಟೋದಲ್ಲಿ ಸಿಗಲ್ಲ, ಲ್ಯಾಪ್‌ಟಾಪ್‌ಗೆ ಕೇಬಲ್ ಹಾಕಿ ಸಾಫ್ಟ್‌ವೇರ್‌ನಲ್ಲಿ ನೋಡಬೇಕು.

ಧಾರವಾಡದ ಮಳೆ:
ಒಪ್ಪಿದೆ. ಆದರೂ ಕೌಂಟ್‌ಗಿಂತ ಫಂಗಸ್‌ಗೆ ನನಗೆ ಭಯ ಜಾಸ್ತಿ, ಅಂದರೆ ಲೆನ್ಸ್ ಒಳಗೆ ಬೆಳೆಯೋ ಬೂಸ್ಟು. ನಮ್ಮ ಕಡೆ ಮಳೆಗಾಲದಲ್ಲಿ ಬ್ಯಾಗ್‌ನಲ್ಲೇ ಮುಚ್ಚಿಟ್ಟ ಲೆನ್ಸ್ ಹಾಳಾಗೋದೇ ಹಾಗೆ. ಲೆನ್ಸ್ ಬಿಚ್ಚಿ, ಎರಡೂ ಮುಚ್ಚಳ ತೆಗೆದು, ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಧೂಳಿನ ಕಣ ಇದ್ದರೆ ತೊಂದರೆ ಇಲ್ಲ. ಜೇಡರ ಬಲೆ ಥರ ಸಣ್ಣ ಎಳೆಗಳು ಅಂಚಿನಿಂದ ಒಳಗೆ ಹಬ್ಬಿದ್ದರೆ ಎದ್ದು ಬನ್ನಿ. "ಕ್ಲೀನ್ ಮಾಡಿಸಿದ್ರೆ ಹೋಗುತ್ತೆ" ಅಂತಾರೆ, ಆ ಖರ್ಚು ಅವರೇ ಹಾಕಲಿ. ಆಮೇಲೆ ಎಫ್16 (ಲೆನ್ಸ್ ಕಿಂಡಿ ಚಿಕ್ಕದಾಗೋ ಸೆಟ್ಟಿಂಗ್) ಇಟ್ಟು ಖಾಲಿ ಆಕಾಶದ ಫೋಟೋ ತೆಗೆಯಿರಿ. ಪ್ರತಿ ಫೋಟೋದಲ್ಲೂ ಅದೇ ಜಾಗದಲ್ಲಿ ಕಪ್ಪು ಚುಕ್ಕೆ ಬಂದರೆ ಅದು ಸೆನ್ಸರ್ ಮೇಲಿನ ಧೂಳು, ಒರೆಸಿದರೆ ಹೋಗುತ್ತೆ.

ಹಾವೇರಿ ಕೃಷ್ಣಮೃಗ:
ಅಷ್ಟೆಲ್ಲ ಯಾಕ್ರೀ, ನಿಕಾನ್ ಪಿ900 ಹಳೇದು ಸಿಕ್ಕರೆ ತಗೊಳ್ಳಿ. 83 ಪಟ್ಟು ಜೂಮ್, ಲೆನ್ಸ್ ಬದಲಿಸೋ ರಗಳೆ ಇಲ್ಲ. ರಾಣೆಬೆನ್ನೂರಿನಲ್ಲಿ ದೂರದ ಕೃಷ್ಣಮೃಗ ಆರಾಮಾಗಿ ಸಿಗುತ್ತೆ.

ಧಾರವಾಡದ ಮಳೆ:
ಬಿಸಿಲಲ್ಲಿ ನಿಂತ ಕೃಷ್ಣಮೃಗಕ್ಕೆ ಸರಿ. ಆದರೆ ಹೆಬ್ಬಾತುಗಳು ಹೊಲಕ್ಕೆ ಮೇಯಲು ಹೋಗಿ ಬರೋದು ಬೆಳಕು ಕಮ್ಮಿ ಇರುವಾಗ. ಪಿ900 ಸೆನ್ಸರ್ ತೀರಾ ಚಿಕ್ಕದು, ಆ ಹೊತ್ತಲ್ಲಿ ಫೋಟೋ ಕಾಳುಕಾಳಾಗುತ್ತೆ. ಹಾರೋದನ್ನು ಫೋಕಸ್ ಹಿಡಿಯೋದೂ ನಿಧಾನ.

ಗದಗ ಸೈಕಲ್ ಸವಾರ:
ಎಲ್ಲರಿಗೂ ಥ್ಯಾಂಕ್ಸ್. ಸ್ಟುಡಿಯೋದವರಿಗೆ ಫೋನ್ ಮಾಡಿದೆ. ಲ್ಯಾಪ್‌ಟಾಪ್‌ಗೆ ಹಾಕೋಕೆ ಒಪ್ಪಿದರು, 20 ಅಂದಿದ್ದವರು ಆಗಲೇ 19ಕ್ಕೆ ಬಂದಿದ್ದಾರೆ. ಭಾನುವಾರ ಹೋಗ್ತೇನೆ.

ಕೊಪ್ಪಿಕರ್ ರೋಡ್ ಕಡೆಯವ:
ಕೇಳಿದ ಕೂಡಲೇ ಇಳಿದರು ಅಂದರೆ ಇನ್ನೂ ಜಗ್ಗಬಹುದು. ನಿಮ್ಮ ಮೆಮೊರಿ ಕಾರ್ಡ್ ಒಯ್ಯಿರಿ. ಬಿಲ್ ಇದ್ದರೆ ಅದರಲ್ಲಿನ ಸೀರಿಯಲ್ ನಂಬರ್, ಕ್ಯಾಮೆರಾ ತಳದಲ್ಲಿರೋದು ಒಂದೇನಾ ನೋಡಿ. ಬ್ಯಾಟರಿ ಒರಿಜಿನಲ್ಲಾ ಅಂತಾನೂ ಕೇಳಿ, ಉಬ್ಬಿದ್ದರೆ ಬೇಡ ಅನ್ನಿ.